ಎಣಿಸದ ಹೆಜ್ಜೆಗಳು

ಪರಿಚಯವಾದ ಹತ್ತನೇ ನಿಮಿಷಕ್ಕೆ ಅವನು ಅವಳ ಕೈ ಹಿಡಿದ!

ತಪ್ಪು ತಿಳಿಯಬೇಡಿ. ಪ್ರೀತಿಯಿಂದ ಹಿಡಿದದ್ದಲ್ಲ. ಕೊಂಬೆಯ ಮೇಲೆ ಕೂತಿದ್ದ ನೀಲಿ ಹಕ್ಕಿಯೊಂದನ್ನು ಅಕ್ಕನಿಗೆ ತೋರಿಸಲು ಅವಳು ಕೈ ಚಾಚಿದ್ದಳು. ಹಿಂದಿನಿಂದ ಬಂದ ಒರಟು ಅಂಗೈಯೊಂದು ಅವಳ ಬೆರಳನ್ನು ಮುಚ್ಚಿ, ಮೆಲ್ಲಗೆ ಕೆಳಗಿಳಿಸಿತು.

"ಕೈ ತೋರಿಸ್ಬೇಡಿ. ಹಾರಿ ಹೋಗುತ್ತೆ."

"ಮತ್ತೆ ಹೇಗೆ ತೋರಿಸೋದು?"

"ಬಾಯಲ್ಲಿ ಹೇಳಿ. ಆ ಬಾಗಿದ ಮರ, ಅದರ ಎಡಗಡೆ ಕವಲು, ತುದಿಯಿಂದ ಒಂದು ಮೊಳ ಕೆಳಗೆ... ಹಾಗೆ."

ಬಾಯಲ್ಲಿ ಹೇಳುವುದು! ಅದೊಂದೇ ತಾನೇ ಅವಳಿಗೆ ಬಾರದ ವಿದ್ಯೆ.

ಅವಳು ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವವಳು. ಮೂವತ್ತೊಂದು ವರ್ಷ ವಯಸ್ಸು, ಒಂಬತ್ತು ವರ್ಷ ಸರ್ವಿಸು. ಮೊದಲ ಎರಡು ವರ್ಷ ಹೊಲ ಗದ್ದೆಗಳಲ್ಲಿ ಅಳತೆಯವರ ಹಿಂದೆ ಅಲೆದಾಗ ಹೆಜ್ಜೆ ಎಣಿಸುವ ಅಭ್ಯಾಸ ಕಾಲಿಗೆ ಅಂಟಿಕೊಂಡಿತ್ತು. ಮನೆಯ ಮೆಟ್ಟಿಲು ಮೂವತ್ತೆಂಟು. ಬಸ್ ಸ್ಟಾಪಿನಿಂದ ಆಫೀಸಿನ ಗೇಟಿಗೆ ನಾನೂರ ಹನ್ನೆರಡು. ಬೇಕೆಂದು ಎಣಿಸುವುದಲ್ಲ, ಕಾಲು ತಾನೇ ಎಣಿಸುತ್ತದೆ. ಮಾತು ಕಡಿಮೆ, ನಡೆ ನೇರ. ಅದಕ್ಕೇ ಅಕ್ಕ ಇಟ್ಟ ಅಡ್ಡಹೆಸರು 'ಸ್ಕೇಲು'.

ಹಿಂದೊಮ್ಮೆ ನೋಡಲು ಬಂದ ಗಂಡು, "ನಿಮಗೇನು ಇಷ್ಟ?" ಎಂದು ಕೇಳಿದ್ದ. ಅವಳು ಉತ್ತರವನ್ನು ಮನಸ್ಸಿನಲ್ಲಿ ಸರಿಯಾಗಿ ಜೋಡಿಸಿ ತಲೆ ಎತ್ತುವಷ್ಟರಲ್ಲಿ ಅವನು ಚಹಾ ಕುಡಿದು, ಚಪ್ಪಲಿ ಮೆಟ್ಟಿ, ಹೊರಟೇ ಹೋಗಿದ್ದ.

ಈ ಮೂರು ದಿನದ ಹಕ್ಕಿ ನೋಡುವ ಪ್ರವಾಸ ಭಾವನ ಹುಚ್ಚು. ಹೊಸ ಬೈನಾಕ್ಯುಲರ್ ಕೊಂಡಿದ್ದರು. ಕೊಂಡ ಮೇಲೆ ಏನನ್ನಾದರೂ ನೋಡಬೇಕಲ್ಲ? ಹೆಂಡತಿಯನ್ನೂ ನಾದಿನಿಯನ್ನೂ ಬಸ್ಸಿಗೆ ಹತ್ತಿಸಿ ಈ ಕಾಡುಗುಡ್ಡದ ಲಾಡ್ಜಿಗೆ ಕರೆತಂದಿದ್ದರು. ಹೆಂಚಿನ ಮಾಡು, ಆರು ಕೋಣೆ, ಉದ್ದನೆಯ ಊಟದ ಮೇಜು. ಲಾಡ್ಜಿನ ಒಡತಿಯನ್ನು ಬಂದವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು.

ಗೈಡ್ ಮಾತ್ರ ಯಾರಿಗೂ ಏನೂ ಆಗಿರಲಿಲ್ಲ. ಅವನು ಎಲ್ಲರಿಗೂ ಹೇಳುತ್ತಿದ್ದದ್ದು ಒಂದೇ ಮಾತು: "ಸುಮ್ನಿರಿ." ಭಾವ ಕೆಮ್ಮಿದರೆ ಸುಮ್ನಿರಿ. ಅಕ್ಕ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಸುಮ್ನಿರಿ. ಮಧ್ಯಾಹ್ನದೊಳಗೆ ಅಕ್ಕ ಅವನಿಗೂ ಹೆಸರಿಟ್ಟಾಗಿತ್ತು, 'ಸುಮ್ನಿರಿ ಸಾರ್'.

"ನಿನಗೆ ಹೇಳಿ ಮಾಡಿಸಿದ ಹಾಗಿದಾನೆ ಕಣೆ," ಅಕ್ಕ ಪಿಸುಗುಟ್ಟಿದಳು. "ಅವನು ಸುಮ್ನಿರಿ ಅಂತಾನೆ, ನೀನು ಹುಟ್ಟಿದಾಗಿಂದ ಸುಮ್ನೇ ಇದೀಯ."

ಅವಳು ನಗಲಿಲ್ಲ. ಅವನು ಹಿಡಿದಿದ್ದ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಿದ್ದಳು, ಅಷ್ಟೇ.

ಮೂರನೆಯ ದಿನ ಅಕ್ಕ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಬಕೆಟ್ಟಿನಲ್ಲಿ ಕಾಲಿಟ್ಟು ಕೂತಳು. ಭಾವ ಎದೆಯ ಮೇಲೆ ಬೈನಾಕ್ಯುಲರ್ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ಜಗಲಿಯಲ್ಲಿ ಅವಳೊಬ್ಬಳೇ ಇದ್ದಾಗ ಗೈಡ್ ಬಂದು ನಿಂತ.

"ನಿಮಗೆ ಒಂದು ತೋರಿಸ್ಬೇಕು. ಬರ್ತೀರಾ?"

ಅವಳು ಎದ್ದಳು.

"ಫೋನ್ ಇಲ್ಲೇ ಇಡಿ. ಅಲ್ಲಿ ಫೋಟೋ ತೆಗೆಯೋ ಹಾಗಿಲ್ಲ. ಜಾಗ ಯಾರಿಗೂ ಗೊತ್ತಾಗಬಾರದು."

ಫೋನನ್ನು ಅಕ್ಕನ ಮಂಚದ ಮೇಲಿಟ್ಟು ಬಂದಳು. ಮರದ ಸೇತುವೆ ದಾಟಿದರು. ಸೇತುವೆಯಿಂದ ಇನ್ನೂರ ಹನ್ನೆರಡು ಹೆಜ್ಜೆಗೆ ಎರಡಾಗಿ ಸೀಳಿದ ಬಂಡೆ. ಅಲ್ಲಿ ಬಲಕ್ಕೆ ತಿರುಗಿ ಅರವತ್ತನಾಲ್ಕು ಹೆಜ್ಜೆ. ಅವನು ನಿಂತ. ಕೈ ತೋರಿಸಲಿಲ್ಲ.

"ಎದುರಿನ ಮರ. ನಿಮ್ಮ ಎದೆಯಷ್ಟು ಎತ್ತರದಲ್ಲಿ ಒಂದು ಅಡ್ಡ ಕೊಂಬೆ. ಅದರ ಮೇಲೆ ಎರಡು ಒಣಗಿದ ಎಲೆ."

ನೋಡಿದಳು. ಎಲೆಗಳೇ. ಇನ್ನೂ ನೋಡಿದಳು. ಒಂದು ಎಲೆಗೆ ಕಣ್ಣಿತ್ತು, ಅರ್ಧ ಮುಚ್ಚಿದ ಕಣ್ಣು.

"ಕಪ್ಪೆಬಾಯಿ ಹಕ್ಕಿ," ಅವನು ಉಸಿರಿನಲ್ಲೇ ಹೇಳಿದ. "ಗಂಡು ಮೊಟ್ಟೆ ಮೇಲೆ ಕೂತಿದೆ. ಒತ್ತಿಗೇ ಹೆಣ್ಣು. ವರ್ಷಕ್ಕೆ ಒಂದೇ ಮೊಟ್ಟೆ. ಹಗಲಿಡೀ ಅಲ್ಲಾಡಲ್ಲ. ಹಾವು ಬಂದ್ರೂ ಅಷ್ಟೆ, ಬಿರುಗಾಳಿ ಬಂದ್ರೂ ಅಷ್ಟೆ. ನೋಡಿದೋರು ಎಲೆ ಅನ್ಕೊಂಡು ಹೋಗ್ಲಿ ಅಂತ ಕೂತಿರ್ತವೆ. ಅವಕ್ಕೆ ಗೊತ್ತಿರೋದು ಅದೊಂದೇ ಉಪಾಯ."

"ಎಲೆ ಅಲ್ಲ ಅಂತ ಯಾರಿಗಾದ್ರೂ ಗೊತ್ತಾದ್ರೆ?"

"ಆಮೇಲೆ ಅವಕ್ಕೆ ಏನೂ ಮಾಡೋಕೆ ಬರಲ್ಲ."

ಅವಳ ಕಣ್ಣು ತುಂಬಿ ಬಂತು. ಯಾಕೆಂದು ಅವಳಿಗೇ ತಿಳಿಯಲಿಲ್ಲ. ಅಲ್ಲಾಡದೆ, ಮಾತಾಡದೆ, ಯಾರೂ ಗಮನಿಸದಿದ್ದರೆ ಸಾಕೆಂದು ಕೂತಿರುವ ಜೀವ... ಅದರ ಪಾಡು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕಕ್ಕೆ ತಿರುಗಿದಳು. ಅವನು ಹಕ್ಕಿಯನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ.

ಎಷ್ಟು ಹೊತ್ತು ಹಾಗೆ ನಿಂತಿದ್ದರೋ.

ಹೊರಡುವಾಗ ಬಸ್ಸಿನ ಬಾಗಿಲ ಹತ್ತಿರ ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಕೇಳಿದಳು. "ನಿಮಗೆ... ಏನಾದ್ರೂ ಕಳಿಸಬಹುದಾ?"

ಅವನು ಮೊದಲ ಸಲ ನಕ್ಕ. "ಲಾಡ್ಜಿನ ವಿಳಾಸಕ್ಕೆ ಕಳಿಸಿ. ನನಗೆ ಅಂತ ಇದುವರೆಗೆ ಯಾರೂ ಏನೂ ಕಳಿಸಿಲ್ಲ."

*

ಹನ್ನೊಂದು ದಿನ ಆಫೀಸು ಮುಗಿದ ಮೇಲೆ ಅವಳು ಮನೆಯಲ್ಲಿ ತನ್ನ ಇಳಿಜಾರು ಹಲಗೆಯ ಮುಂದೆ ಕೂತಳು. ಟ್ರೇಸಿಂಗ್ ಶೀಟಿನ ಮೇಲೆ ಲಾಡ್ಜಿನ ಜಗಲಿ ಬಂತು. ಅವನು ಕೂತು ಚೀಲದ ಪಟ್ಟಿ ಹೊಲಿಯುತ್ತಿದ್ದ ಮೆಟ್ಟಿಲು ಬಂತು. ತೊರೆ, ಮರದ ಸೇತುವೆ, ಸೀಳಿದ ಬಂಡೆ ಬಂದವು. ಅಳತೆ ಒಂದು ಹೆಜ್ಜೆಯೂ ತಪ್ಪಲಿಲ್ಲ. ಕೊನೆಯಲ್ಲಿ, ಅರವತ್ತನಾಲ್ಕನೆಯ ಹೆಜ್ಜೆಯಲ್ಲಿ, ಕೆಂಪು ಶಾಯಿಯ ಪುಟ್ಟ ವೃತ್ತವೊಂದನ್ನು ಬರೆದು, ಪಕ್ಕದಲ್ಲಿ ಒಂದೇ ಒಂದು ಪದ ಬರೆದಳು.

'ಇಲ್ಲಿ.'

ಫೋಟೋ ತೆಗೆಯಬೇಡಿ ಎಂದಿದ್ದ, ತೆಗೆದಿರಲಿಲ್ಲ. ಕಾಲೊಳಗೆ ಕೂತಿದ್ದ ಲೆಕ್ಕವೂ ಒಂದು ಫೋಟೋವೇ ಎಂದು ಅವಳಿಗೆ ಹೊಳೆಯಲಿಲ್ಲ. ನಕ್ಷೆ ಬರೆಯುವವರಿಗಲ್ಲದೆ ಬೇರೆ ಯಾರಿಗೂ ಮಾಡಲು ಬಾರದಂಥ ತಪ್ಪು ಅದು.

ಅಕ್ಕ ಬಂದು ಹೆಗಲ ಮೇಲಿಂದ ಇಣುಕಿದಳು. "ಇದು ನಕ್ಷೆ ಅಲ್ಲ ಕಣೆ. ಇದು ಕಾಗದ. ಹೋಗ್ಲಿ, ಕೆಳಗೆ ಎರಡು ಸಾಲು ಬರಿ, ಇಷ್ಟ ಆದ್ರಿ ಅಂತ."

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು."

"ಆಡದೇ ಇದ್ರೂ ಹೋಗುತ್ತೆ ಸ್ಕೇಲು. ಅದನ್ನ ಯಾರೂ ಗಾದೆ ಮಾಡಿಲ್ಲ, ಅಷ್ಟೇ."

ಅವಳು ಕೇಳಲಿಲ್ಲ. ನಕ್ಷೆಯನ್ನು ಸುರುಳಿ ಸುತ್ತಿ ರಟ್ಟಿನ ಕೊಳವೆಯೊಳಗೆ ಇಳಿಸಿ, ಮೇಲೆ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದಳು: 'ಗೈಡ್ ಅವರಿಗೆ. ಅವರ ಕೈಗೇ ಕೊಡಬೇಕು.'

ಒಂದು ವಾರ ಕಳೆಯಿತು. ಎರಡಾಯಿತು. ಪ್ರತಿದಿನ ಟಪಾಲಿನವನು ಬರುವ ಹೊತ್ತಿಗೆ ಅವಳ ಪೆನ್ಸಿಲ್ ಮುರಿಯುತ್ತಿತ್ತು. ಇಷ್ಟವಾಗಲಿಲ್ಲವೇ? ಅತಿಯಾಯಿತೇ? ಹೆಣ್ಣು ಮುಂದಾಗಿ ಕಳಿಸಬಾರದಿತ್ತೇ? ಇಪ್ಪತ್ತನಾಲ್ಕನೆಯ ದಿನ, ಲಾಡ್ಜಿನ ರಿಜಿಸ್ಟರಿನಲ್ಲಿ ಬರೆದುಕೊಟ್ಟಿದ್ದ ಆಫೀಸಿನ ವಿಳಾಸಕ್ಕೆ ಲಕೋಟೆಯೊಂದು ಬಂತು. ಅಲ್ಲೇ ನಿಂತು ಒಡೆದಳು.

'ನಕ್ಷೆ ಎಲ್ಲರಿಗೂ ಇಷ್ಟವಾಗಿದೆ. ಅಳತೆ ಒಂದು ಹೆಜ್ಜೆಯೂ ತಪ್ಪಿಲ್ಲ. ಹಕ್ಕಿಗಳು ಹೋದವು. ಮೊಟ್ಟೆ ಒಡೆದಿದೆ. ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ನನ್ನ ತಪ್ಪು.'

ಎಲ್ಲರಿಗೂ? ಎಲ್ಲರಿಗೂ ಎಂದರೆ ಯಾರಿಗೆ?

ಲಾಡ್ಜಿಗೆ ಫೋನ್ ಮಾಡಿದಳು. ದೊಡ್ಡಮ್ಮ ಸಂಭ್ರಮದಿಂದ ಮಾತಾಡಿದರು. "ನಿನ್ನ ನಕ್ಷೆಗೆ ಗಾಜು ಹಾಕಿಸಿ ಊಟದ ಕೋಣೇಲಿ ನೇತು ಹಾಕಿದೀನಿ ಕಣಮ್ಮ. ಲಾಡ್ಜಿಗೆ ಇಷ್ಟು ಚೆಂದದ ಉಡುಗೊರೆ ಯಾರೂ ಕೊಟ್ಟಿರಲಿಲ್ಲ. ಬಂದೋರೆಲ್ಲ ಫೋನಲ್ಲಿ ಫೋಟೋ ಹಿಡ್ಕೊಂಡು ಹೋಗ್ತಾರೆ."

"ಅವರು... ಅವರಿಗೆ ಕೊಡ್ಲಿಲ್ವಾ ದೊಡ್ಡಮ್ಮ?"

"ಯಾರಿಗೆ, ಅವನಿಗಾ? ಅವನು ಆಚೆ ಗುಡ್ಡಕ್ಕೆ ಮೂರು ವಾರ ಹಕ್ಕಿ ಎಣಿಕೆಗೆ ಹೋಗಿದ್ದನಲ್ಲ. ಬಂದೋನು ಗೋಡೆ ನೋಡಿ, ಊಟಾನೂ ಮಾಡದೆ ಕಾಡಿಗೆ ಓಡಿದ. ಆವತ್ತಿಂದ ಯಾರ ಹತ್ರಾನೂ ಮಾತಿಲ್ಲ."

ಅವಳು ಫೋನ್ ಇಟ್ಟಳು.

ಆಫೀಸಿನಲ್ಲಿ ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆದು ತೆಗೆಯಬಹುದು. ಆಮೇಲೆ ಅದರ ಮೇಲೇ ಸರಿಯಾದ ಗೆರೆ ಎಳೆಯಬಹುದು. ಇಲ್ಲಿ ಗೆರೆ ಒಂದೂ ತಪ್ಪಿರಲಿಲ್ಲ. ಸರಿಯಾಗಿದ್ದುದರಿಂದಲೇ ಎಲ್ಲ ಹಾಳಾಗಿತ್ತು. ದಾರಿ ತೋರಿಸಿದವಳು ಅವಳು. ಹೆಜ್ಜೆಯ ಲೆಕ್ಕ ಸಮೇತ.

*

ಶನಿವಾರ ಒಬ್ಬಳೇ ಆರು ಗಂಟೆಯ ಬಸ್ ಪ್ರಯಾಣ ಮಾಡಿ ಲಾಡ್ಜಿನ ಮುಂದೆ ಇಳಿದಳು.

ಊಟದ ಕೋಣೆಯಲ್ಲಿ ಅವಳ ನಕ್ಷೆಯ ಕೆಳಗೆ ಹೊಸಬರಿಬ್ಬರು ನಿಂತಿದ್ದರು. ಒಬ್ಬ ಫೋನ್ ಎತ್ತಿ ಹಿಡಿದಿದ್ದ. "ಇಲ್ಲಿ ಅಂತ ಬರೆದಿದೆ ನೋಡು. ಸೇತುವೆಯಿಂದ ಇನ್ನೂರ ಹನ್ನೆರಡು ಹೆಜ್ಜೆ. ಗೈಡೇ ಬೇಡ."

"ಅಲ್ಲಿ ಈಗ ಏನೂ ಇಲ್ಲ," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಅವರಿಗೆ ಹೇಗೆ ಕೇಳಬೇಕು? ಕ್ಲಿಕ್ ಎಂದು ಶಬ್ದವಾಯಿತು. ಅವರು ಹೊರಟುಹೋದರು.

ಹೀಗೆ ಎಷ್ಟು ಫೋನುಗಳಲ್ಲಿ ಆ ಕೆಂಪು ವೃತ್ತ ಕೂತಿದೆಯೋ... ಯಾವ ಊರಿನ, ಯಾರ ಜೇಬಿನಲ್ಲೋ... ಒಂದನ್ನೂ ವಾಪಸು ಕರೆಯುವಂತಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು ಅವಳ ಬಾಳು.

ಅವನು ಹಿತ್ತಲಿನಲ್ಲಿ ನೀರಿನ ಟ್ಯಾಂಕ್ ತೊಳೆಯುತ್ತಿದ್ದ. ಈಗಷ್ಟೇ ಬಾಗಿಲಲ್ಲಿ ದೊಡ್ಡಮ್ಮ ಹೇಳಿದ್ದು ನಿಜ. ಟ್ಯಾಂಕ್ ತೊಳೆಯುತ್ತಾನೆ, ಬೇಲಿ ಕಟ್ಟುತ್ತಾನೆ, ಹೆಂಚು ಜೋಡಿಸುತ್ತಾನೆ, ಜನರನ್ನು ಕಾಡಿಗೆ ಮಾತ್ರ ಕರೆದೊಯ್ಯುವುದಿಲ್ಲ. ಕೇಳಿದರೆ, ನನಗೆ ಆ ಕೆಲಸ ಬರಲ್ಲ ಎನ್ನುತ್ತಾನಂತೆ.

ಅವಳನ್ನು ನೋಡಿ ಅವನ ಕೈ ಒಂದು ಕ್ಷಣ ನಿಂತಿತು. ಮತ್ತೆ ಬ್ರಷ್ಷು ಆಡಿತು.

"ಕ್ಷಮಿಸಿ," ಎಂದಳು.

"ನೀವು ಯಾಕೆ? ನೀವು ನಿಮ್ಮ ಕೆಲಸ ಮಾಡಿದ್ರಿ. ಚೆನ್ನಾಗೇ ಮಾಡಿದ್ರಿ."

"ಅದು... ಅದು ನಾನು..."

"ನನಗೆ ಅಂತ ಏನೋ ಕಳಿಸ್ತೀರಿ ಅಂದ್ಕೊಂಡಿದ್ದೆ. ಹುಚ್ಚು ನನಗೆ. ನೀವು ಕಳಿಸಿದ್ದು ಗೋಡೆಗೆ, ನಾಲ್ಕು ಜನ ನೋಡಿ ಭೇಷ್ ಅನ್ನಲಿ ಅಂತ."

ಅಲ್ಲ! ಅಲ್ಲ, ಅದು ನಿಮಗೆ, ನಿಮ್ಮೊಬ್ಬರಿಗೇ ಬರೆದದ್ದು... ಒಳಗೆ ಅವಳು ಕೂಗುತ್ತಿದ್ದಳು. ತುಟಿ ಅಲ್ಲಾಡಿತು, ಮಾತು ಹೊರಡಲಿಲ್ಲ. ಇಷ್ಟು ದೊಡ್ಡ ತಪ್ಪಿನ ಮುಂದೆ ನಿಂತು 'ನಿಮ್ಮ ಮೇಲಿನ ಪ್ರೀತಿಗೆ ಬರೆದೆ' ಎಂದರೆ ಆ ಒಡೆದ ಮೊಟ್ಟೆಗೆ ಪ್ರೀತಿಯ ನೆಪ ಹೇಳಿದಂತಾಗುವುದಿಲ್ಲವೇ?

"ಬೇಡ ಬಿಡಿ," ಅವನು ತಿರುಗಿ ನೋಡದೆ ಹೇಳಿದ. "ಈಗ ಏನು ಹೇಳಿದ್ರೂ ಮೊಟ್ಟೆ ಕೂಡಲ್ಲ."

ಅವಳು ಒಬ್ಬಳೇ ಸೇತುವೆ ದಾಟಿದಳು. ಬೇಡವೆಂದರೂ ಕಾಲು ಎಣಿಸಿತು. ಇನ್ನೂರ ಹನ್ನೆರಡು, ಬಲಕ್ಕೆ ಅರವತ್ತನಾಲ್ಕು. ಒಂದೇ ಒಂದು ಸಲ ಲೆಕ್ಕ ತಪ್ಪಬಾರದೇ!

ಕಾಲುದಾರಿಯೇ ಇಲ್ಲದಿದ್ದಲ್ಲಿ ಈಗ ಅಗಲವಾದ ದಾರಿ ಬಿದ್ದಿತ್ತು. ಗಿಡಗಳನ್ನು ತುಳಿದಿದ್ದರು. ಚಿತ್ರಕ್ಕೆ ಅಡ್ಡ ಬಂತೆಂದು ಯಾರೋ ಪಕ್ಕದ ರೆಂಬೆಗಳನ್ನು ಮುರಿದು ಹಾಕಿದ್ದರು. ಅಡ್ಡ ಕೊಂಬೆ ಬರಿದಾಗಿತ್ತು. ಅದರ ಮೇಲೆ ಅಂಗೈಯಗಲದ ಗೂಡಿನ ತುಣುಕು, ಬೂದು ಬಣ್ಣದ ಎರಡು ಗರಿ. ಅಷ್ಟು ಜನ ಬಂದು ಸುತ್ತ ನಿಂತಾಗಲೂ ಆ ಜೀವ ಎಲೆಯಂತೆ ಅಲ್ಲಾಡದೆ ಕೂತಿದ್ದಿರಬೇಕು. ಎಷ್ಟು ಹೊತ್ತು ಕೂತಿತ್ತೋ. ಅದಕ್ಕೆ ಗೊತ್ತಿದ್ದದ್ದು ಅದೊಂದೇ.

ಅವಳು ಆ ಮರದ ಬುಡದಲ್ಲಿ ಕೂತು ಅತ್ತಳು. ಅತ್ತರೆ ಏನಾಯಿತು? ಏನೂ ಆಗಲಿಲ್ಲ.

ವಾಪಸು ಬಂದು ಊಟದ ಕೋಣೆಯ ಫ್ರೇಮ್ ಇಳಿಸಿದಳು. ಚೀಲದಿಂದ ಬ್ಲೇಡ್ ತೆಗೆದು ಮೇಜಿನ ಮೇಲೆ ಬಗ್ಗಿ, ಕೆಂಪು ವೃತ್ತವನ್ನೂ ಆ ಒಂದು ಪದವನ್ನೂ ಕೆರೆಯತೊಡಗಿದಳು. ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರಿಗೆ ಆಗ ಅರ್ಥವಾಯಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನನ್ನಿಂದ ಎಂಥಾ ಕೆಲಸ ಆಯ್ತಮ್ಮ..."

"ನಿಮ್ಮಿಂದ ಅಲ್ಲ ದೊಡ್ಡಮ್ಮ."

ಸಂಜೆಯ ಬಸ್ಸಿಗೆ ಅವಳು ಹೊರಟಾಗ ಅವನು ಹಿತ್ತಲಿನಿಂದ ಹೊರಬರಲಿಲ್ಲ.

*

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಇಂಥ ಕಥೆಗಳು ಬಹಳಷ್ಟು ಅಲ್ಲಿಗೇ ಮುಗಿಯುತ್ತವೆ. ಆದರೆ ಅದೇ ವಾರ ಗುಡ್ಡದಲ್ಲಿ ಗಾಳಿ ಬೀಸಿ ಕರೆಂಟ್ ಹೋಯಿತು. ದೊಡ್ಡಮ್ಮ ಅಡುಗೆಮನೆಯಿಂದ ಕೂಗಿ ಹೇಳಿದರು, "ಮೇಣದಬತ್ತಿ ಆ ರಟ್ಟಿನ ಕೊಳವೇಲಿ ಇಟ್ಟಿದೀನಿ, ತೆಗಿ."

ಅವನು ಕಪಾಟಿನಿಂದ ಕೊಳವೆ ತೆಗೆದ. ಬತ್ತಿ ಹಚ್ಚಿದ. ಆ ಬೆಳಕಿನಲ್ಲಿ ಅಚ್ಚುಕಟ್ಟಾದ ಅಕ್ಷರಗಳು ಕಂಡವು.

'ಗೈಡ್ ಅವರಿಗೆ. ಅವರ ಕೈಗೇ ಕೊಡಬೇಕು.'

"ದೊಡ್ಡಮ್ಮ, ಇದರ ಮೇಲೆ ಬರೆದಿದ್ದು ಓದಿದ್ರಾ?"

"ಕನ್ನಡಕ ಎಲ್ಲಿತ್ತೋ ಏನೋ ಆವತ್ತು. ಲಾಡ್ಜಿನ ವಿಳಾಸ ಅಂತ ಪೋಸ್ಟಿನವನು ಹೇಳಿದ, ಒಡೆದೆ. ಯಾಕೋ?"

ಅವನು ಆ ಅಕ್ಷರಗಳನ್ನು ಮತ್ತೊಮ್ಮೆ ಓದಿದ. ಮೇಣ ಕರಗಿ ಬೆರಳ ಮೇಲೆ ಬಿತ್ತು. ಮರುದಿನ ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಅವನು ಕಾಡಿಗೆ ಹೋದ. ಅದರ ಮರುದಿನವೂ ಹೋದ.

ಇತ್ತ ಅವಳು ಆಫೀಸಿಗೆ ಹೋದಳು, ಬಂದಳು. ನಾನೂರ ಹನ್ನೆರಡು ಹೆಜ್ಜೆ, ಮೂವತ್ತೆಂಟು ಮೆಟ್ಟಿಲು. ಅಕ್ಕ ಬೈದಳು, ಮುದ್ದು ಮಾಡಿದಳು, ಕೊನೆಗೆ ಸುಮ್ಮನಾದಳು. ಭಾವ ಬೈನಾಕ್ಯುಲರ್ ಪೆಟ್ಟಿಗೆಯೊಳಗಿಟ್ಟು ಮನೆಯಲ್ಲಿ ಹಕ್ಕಿಯ ಸುದ್ದಿಯನ್ನೇ ಎತ್ತಲಿಲ್ಲ. ಯಾರಿಂದಲೂ ಏನೂ ಮಾಡಲಾಗದ ದಿನಗಳು ಅವು.

ಆರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸಾಹೇಬರ ಮೇಜಿನ ಫೋನ್ ಹೊಡೆದುಕೊಂಡಿತು. "ನಿಮಗೇ ಅಂತೆ," ಎಂದು ಸಾಹೇಬರು ಹುಬ್ಬೇರಿಸಿ ರಿಸೀವರ್ ಚಾಚಿದರು.

"ಹಲೋ?"

ಆ ಕಡೆ ಬಸ್ಸಿನ ಸದ್ದು, ಉಸಿರು. ಆಮೇಲೆ ಆ ದನಿ.

"ಎರಡೂ ಇದಾವೆ."

ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಬೇರೆ ಕಡೆ, ಬಹಳ ಒಳಗೆ. ಈ ವರ್ಷ ಮೊಟ್ಟೆ ಇಲ್ಲ. ಆದ್ರೆ ಎರಡೂ ಜೀವಂತ ಇದಾವೆ, ಒತ್ತಿಕೊಂಡು ಕೂತಿದಾವೆ. ಬನ್ನಿ, ತೋರಿಸ್ತೀನಿ."

"ಬರಲ್ಲ," ಎಂದಳು. ಕಣ್ಣೀರು ಸಾಹೇಬರ ಫೈಲಿನ ಮೇಲೆ ತೊಟ್ಟಿಕ್ಕಿತು. "ನನ್ನ ಕಾಲು ಎಣಿಸುತ್ತೆ. ಬೇಡ ಅಂದ್ರೂ ಎಣಿಸುತ್ತೆ. ನನ್ನನ್ನ ಕರ್ಕೊಂಡು ಹೋಗ್ಬೇಡಿ."

"ಗೊತ್ತು. ಅದಕ್ಕೆ ಒಂದು ದಾರಿ ಇದೆ. ಬನ್ನಿ."

ಸಾಹೇಬರು ಫೈಲನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. "ಎರಡು ದಿನ ರಜೆ ಬರೆದುಕೊಡಿ, ಸಹಿ ಹಾಕ್ತೀನಿ," ಎಂದರು.

*

ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಊಟದ ಕೋಣೆಯ ಗೋಡೆಯಲ್ಲಿ ಮೊಳೆ ಮಾತ್ರ ಉಳಿದಿತ್ತು. ನಕ್ಷೆಯನ್ನು ಅವನು ತನ್ನ ಕೋಣೆಯಲ್ಲಿಟ್ಟುಕೊಂಡಿದ್ದಾನೆ ಎಂದು ದೊಡ್ಡಮ್ಮ ಅವಳ ಕಿವಿಯಲ್ಲಿ ಹೇಳಿದರು.

ಸೇತುವೆಯ ಮುಂದೆ ಅವಳು ನಿಂತುಬಿಟ್ಟಳು. "ನನಗೆ ಭಯ ಆಗ್ತಿದೆ."

"ನಾವು ಹಕ್ಕಿ ಎಣಿಕೆಗೆ ಹೋದಾಗ ಯಾರೂ ಬಾಯಿ ಬಿಡಲ್ಲ. ಯಾಕೆ ಗೊತ್ತಾ? ಮಾತಾಡಿದ್ರೆ ಲೆಕ್ಕ ತಪ್ಪುತ್ತೆ." ಅವನು ಅವಳನ್ನು ನೋಡಿದ. "ಮಾತಾಡಿ. ಅಲ್ಲಿ ತಲುಪೋ ತನಕ ನಿಲ್ಲಿಸಬೇಡಿ."

ಸುಮ್ನಿರಿ ಸಾರ್ ಹೇಳುತ್ತಿದ್ದಾನೆ, ಮಾತಾಡಿ ಅಂತ! ಅಕ್ಕ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

"ಏನು ಮಾತಾಡ್ಲಿ?"

"ಏನಾದ್ರೂ ಸರಿ."

ಅವಳು ಒಂದು ಹೆಜ್ಜೆ ಇಟ್ಟಳು. ಒಂದು, ಎರಡು, ಮೂರು... ಕಾಲು ಶುರು ಮಾಡಿಯೇಬಿಟ್ಟಿತು. ಗಾಬರಿಯಿಂದ ಬಾಯಿ ತೆರೆದಳು.

"ನಮ್ಮನೆ ಮೆಟ್ಟಿಲು ಮೂವತ್ತೆಂಟು. ಅಕ್ಕ ನನ್ನ ಸ್ಕೇಲು ಅಂತಾಳೆ. ಭಾವನಿಗೆ ಹಕ್ಕಿ ಅಂದ್ರೆ ಕಾಗೆ ಮಾತ್ರ ಗೊತ್ತು. ನೋಡೋಕೆ ಬಂದ ಒಬ್ಬರು ನಿಮಗೇನಿಷ್ಟ ಅಂತ ಕೇಳಿದ್ರು, ನಾನು ಉತ್ತರ ಹೇಳೋಷ್ಟರಲ್ಲಿ ಹೋಗ್ಬಿಟ್ರು..."

"ಏನು ಹೇಳ್ಬೇಕು ಅಂತಿದ್ರಿ?"

"ಯಾರಾದ್ರೂ ಸ್ವಲ್ಪ ಹೊತ್ತು ಕಾಯೋದು ನನಗಿಷ್ಟ ಅಂತ."

ಅವನು ನಡಿಗೆ ನಿಧಾನ ಮಾಡಿದ. ಬಂಡೆಗಳು ಬಂದವು, ತೊರೆ ಬಂತು, ಏರು ಬಂತು. ಅವಳು ಮಾತಾಡುತ್ತಲೇ ಇದ್ದಳು. ಮೂವತ್ತೊಂದು ವರ್ಷದ ಮಾತು. ಅಮ್ಮ ತೀರಿಕೊಂಡ ದಿನ ಅಳಲಿಲ್ಲವೆಂದು ಜನ ಆಡಿಕೊಂಡದ್ದು, ಆಸ್ಪತ್ರೆಯ ವರಾಂಡದಲ್ಲಿ ತಾನು ಹೆಜ್ಜೆ ಎಣಿಸುತ್ತಾ ಇದ್ದದ್ದು, ಆ ಲೆಕ್ಕ ಇನ್ನೂ ಮರೆಯದೇ ಇರುವುದು. ಮುಳ್ಳು ಸೀರೆಗೆ ಸಿಕ್ಕಿದರೆ ಬಿಡಿಸಿಕೊಳ್ಳುತ್ತಲೇ ಮಾತಾಡಿದಳು.

"ನಕ್ಷೆ ಗೋಡೆಗೆ ಅಂತ ಬರೀಲಿಲ್ಲ. ನಿಮಗೆ ಬರೆದದ್ದು. ನನಗೆ ಹೇಳೋಕೆ ಬರಲ್ಲ, ಗೆರೆ ಎಳೆಯೋಕೆ ಬರುತ್ತೆ. ಆ ಕೆಂಪು ವೃತ್ತ ಹಕ್ಕಿಗೂ ಹಾಕಿದ್ದಲ್ಲ. ಮರ ಇನ್ನೂ ಮುಂದಿತ್ತು. ನೀವು ನಿಂತಿದ್ರಲ್ಲ, ನಾನು ನಿಂತಿದ್ನಲ್ಲ, ಆ ಜಾಗಕ್ಕೆ ಹಾಕಿದ್ದು. ನನ್ನ ಬಾಳಲ್ಲಿ ಏನೋ ಆಗಿದ್ದು ಅಲ್ಲೇ. ಅದಕ್ಕೇ 'ಇಲ್ಲಿ' ಅಂತ ಬರೆದೆ. ಆದ್ರೆ ಮೊಟ್ಟೆ ಹೋಯ್ತು. ನಾನು ನಿಮ್ಮನ್ನ ಪ್ರೀತಿಸಿದ್ದಕ್ಕೆ ಒಂದು ಮೊಟ್ಟೆ ಹೋಯ್ತು. ಅದನ್ನ ಹೇಗೆ ಹೇಳೋದು ಅಂತ ಆವತ್ತು ಟ್ಯಾಂಕಿನ ಹತ್ರ..."

ಅವನು ನಿಂತಿದ್ದ.

"ಮಾತು ನಿಲ್ಲಿಸಬೇಡಿ ಅಂದ್ರಿ," ಎಂದಳು.

"ಈಗ ನಾನು ಮಾತಾಡ್ತೀನಿ." ಅವನು ಅವಳ ಕಡೆ ತಿರುಗಿದ. "ಗೂಡನ್ನ ಯಾರಿಗೂ ತೋರಿಸಬಾರದು. ಅದು ನಾನೇ ಮಾಡ್ಕೊಂಡ ನಿಯಮ. ಐದು ವರ್ಷದಲ್ಲಿ ಒಬ್ಬರಿಗೂ ತೋರಿಸಿರಲಿಲ್ಲ. ನಿಮಗೆ ತೋರಿಸಿದೆ. ಅದನ್ನ ನೋಡುವಾಗ ನಿಮ್ಮ ಮುಖ ಹೇಗಿರುತ್ತೆ ಅಂತ ನೋಡ್ಬೇಕಿತ್ತು ನನಗೆ. ತಪ್ಪು ಶುರುವಾಗಿದ್ದು ಅಲ್ಲಿಂದ. ಆ ಸಿಟ್ಟನ್ನ ನಿಮ್ಮ ಮೇಲೆ ಹಾಕಿದೆ. ಕೊಳವೆ ಮೇಲಿನ ಅಕ್ಷರ ನೋಡಿದ ಮೇಲೆ ನಿದ್ದೆ ಬಂದಿಲ್ಲ."

"ಇಬ್ಬರೂ ಸೇರಿ ಕಳೆದುಬಿಟ್ವಿ," ಎಂದಳು.

"ಹೂಂ. ಅದು ವಾಪಸ್ ಬರಲ್ಲ. ಅದನ್ನ ಇಬ್ಬರೂ ಸೇರೇ ಹೊರಬೇಕು."

ಅದಕ್ಕಿಂತ ದೊಡ್ಡ ಮಾತನ್ನು ಅವನು ಅವಳಿಗೆ ಹೇಳಬೇಕಾಗಿರಲಿಲ್ಲ. ಅವಳಿಗೂ ಅದು ಗೊತ್ತಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನು ಬಳ್ಳಿಯೊಂದನ್ನು ಸರಿಸಿ ದಾರಿ ಬಿಟ್ಟ. ಇನ್ನೊಂದಿಷ್ಟು ನಡೆದ ಮೇಲೆ ಪಿಸುದನಿಯಲ್ಲಿ ಹೇಳಿದ, "ಈಗ ಸುಮ್ನಿರಿ."

ಎದುರಿನ ಪೊದೆಯ ಒಳಗೆ, ಒಂದರ ಮೈಗೆ ಒಂದು ಒತ್ತಿಕೊಂಡು, ಎರಡು ಒಣಗಿದ ಎಲೆ. ಕೆಳಗೆ ಗೂಡಿಲ್ಲ, ಮೊಟ್ಟೆ ಇಲ್ಲ. ಕಣ್ಣು ಅರ್ಧ ಮುಚ್ಚಿ, ಅಲ್ಲಾಡದೆ ಕೂತಿದ್ದವು.

ಅವಳ ಕೈ ತಾನಾಗಿ ಮೇಲೆದ್ದಿತು. ಒರಟು ಅಂಗೈ ಬಂದು ಆ ಬೆರಳನ್ನು ಮುಚ್ಚಿ ಕೆಳಗಿಳಿಸಿತು. ಈ ಸಲ ಬಿಡಲಿಲ್ಲ.

ಸೂರ್ಯ ಮೇಲೇರುವ ತನಕ ನಿಂತಿದ್ದು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ ಇಬ್ಬರೂ ದೂರ ಬಂದರು.

"ಎಷ್ಟು ಹೆಜ್ಜೆ ಆಯ್ತು?" ಅವನು ಕೇಳಿದ.

ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. ಕಾಲನ್ನು ನೋಡಿಕೊಂಡಳು. "ಗೊತ್ತಿಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ. ಎಲ್ಲಿ ತಿರುಗಿದ್ವಿ ಅನ್ನೋದೂ ಗೊತ್ತಿಲ್ಲ." ಅಳುವಿನ ನಡುವೆ ಅವಳಿಗೆ ನಗು ಬಂತು. "ನನಗೆ ವಾಪಸ್ ಹೋಗೋಕೆ ಬರಲ್ಲ. ನೀವೇ ಕರ್ಕೊಂಡು ಹೋಗ್ಬೇಕು."

"ಕರ್ಕೊಂಡು ಹೋಗ್ತೀನಿ. ಆದ್ರೆ ದಾರಿಯುದ್ದಕ್ಕೂ ಮಾತಾಡ್ತಾ ಇರ್ಬೇಕು."

"ಎಲ್ಲಾ ಹೇಳಿ ಆಯ್ತಲ್ಲ. ಇನ್ನೇನಿದೆ?"

"ಮೊದಲಿಂದ ಹೇಳಿ. ನಾನು ಕಾಯ್ತೀನಿ."

ಅವಳು ಅವನ ಕೈ ಹಿಡಿದೇ ನಡೆದಳು. "ನಮ್ಮನೆ ಮೆಟ್ಟಿಲು ಮೂವತ್ತೆಂಟು..." ಎಂದು ಶುರು ಮಾಡಿದಳು.